ಬಳಗಾನೂರಿನ ಸಾಲಿಗೆ ಮೂರು ದಾರಿ

ಮಸ್ಕಿಯಲ್ಲಿ ಮನೆ, ಬಳಗಾನೂರಿನಲ್ಲಿ ನೌಕರಿ ಎಂದಾದ ಮೇಲೆ ನನಗೆ ದಾರಿ ಹೇಳದೆ ಉಳಿದವರು ಊರಲ್ಲಿ ಇರಲಿಲ್ಲ. ನಾನು ಕೇಳಿದವರು ಹೇಳಿದರು. ಕೇಳದವರು ಇನ್ನೂ ವಿವರವಾಗಿ ಹೇಳಿದರು. ಜನ್ಮದಲ್ಲಿ ಸೈಕಲ್ ಮುಟ್ಟದವರು ಕೂಡ ಯಾವ ತಿರುವಿನಲ್ಲಿ ಬ್ರೇಕು ಹಿಡಿಯಬೇಕು ಎಂಬುದನ್ನು ಗಾಳಿಯಲ್ಲಿ ಬೆರಳು ಮಡಚಿ ತೋರಿಸಿದರು. ಇಷ್ಟೊಂದು ಮಂದಿಗೆ ಒಮ್ಮೆಲೇ ನನ್ನ ಮೇಲೆ ಕಾಳಜಿ ಹುಟ್ಟಿದ್ದು ಕಂಡು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾರೂ ಸುಮ್ಮನೆ ಸಲಹೆ ಕೊಡುವುದಿಲ್ಲ ಎಂಬುದು ಆಗಲೂ ನನ್ನ ಅಭಿಪ್ರಾಯವಾಗಿತ್ತು, ಈಗಲೂ ಅದನ್ನು ಬದಲಿಸುವಂಥ ಕಾರಣ ಸಿಕ್ಕಿಲ್ಲ.

ಅದು ನಿಜಾಮರ ಆಳ್ವಿಕೆಯ ಕಾಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಆ ಯುದ್ಧ ನಮ್ಮ ಸೀಮೆಗೆ ಬಂದಿಳಿದದ್ದು ಎರಡೇ ರೂಪದಲ್ಲಿ: ಸೈಕಲ್ಲಿನ ಟೈರು ಸಿಗದೆ ಹೋಯಿತು, ಮತ್ತು ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡತೊಡಗಿದರು. ಸಿಂಧನೂರಿನ ಸಂತೆಯಲ್ಲಿ ಇಬ್ಬರು ನಿಂತು ಮಾತಾಡಿದರೆ ಮೂರನೆಯವನೊಬ್ಬ ಸೌತೆಕಾಯಿ ಆರಿಸುವ ನೆವದಲ್ಲಿ ಹತ್ತಿರ ಬಂದು ನಿಲ್ಲುತ್ತಿದ್ದ. ಸೌತೆಕಾಯಿ ಮಾತ್ರ ಕೊಳ್ಳುತ್ತಿರಲಿಲ್ಲ. ಇಂಥದರಲ್ಲಿ ನನ್ನ ಮನೆ ಲಿಂಗಸುಗೂರು ತಾಲೂಕಿನಲ್ಲಿ, ನೌಕರಿ ಸಿಂಧನೂರು ತಾಲೂಕಿನಲ್ಲಿ. ದಿನಾ ಬೆಳಿಗ್ಗೆ ಒಂದು ತಾಲೂಕು ಬಿಟ್ಟು ಇನ್ನೊಂದನ್ನು ಹೊಕ್ಕು, ಸಂಜೆ ಏನೂ ಆಗದವನಂತೆ ತಿರುಗಿ ಬರುವ ಮನುಷ್ಯನನ್ನು ಸರ್ಕಾರ ನಂಬಬೇಕು ಎಂದರೆ ಹೇಗೆ? ನಾನೇ ಸರ್ಕಾರವಾಗಿದ್ದರೆ ನನ್ನನ್ನು ನಂಬುತ್ತಿರಲಿಲ್ಲ.

ನೌಕರಿ ಎಂದರೆ ಮಾಸ್ತರಿಕೆ, ಅದೂ ಹಂಗಾಮಿ. ಕಾಯಂ ಆಗಬೇಕಾದರೆ ಬೇಸಿಗೆ ರಜೆಗೆ ಮುಂಚೆ ನಮ್ಮ ಸಾಲಿಯ ಹಿರಿಯ ಮಾಸ್ತರರು ಮೇಲಿನ ಕಚೇರಿಗೆ ಸಿಫಾರಸು ಬರೆಯಬೇಕು. ಅವರನ್ನು ಎಲ್ಲರೂ ಸದರ್ ಸಾಹೇಬರು ಎನ್ನುತ್ತಿದ್ದರು. ಮನೆಯಲ್ಲಿ ದಖನಿ, ಸಾಲಿಯಲ್ಲಿ ಉರ್ದು, ಸಿಟ್ಟು ಬಂದಾಗ ಅಚ್ಚ ಕನ್ನಡ ಆಡುತ್ತಿದ್ದ ಮನುಷ್ಯ. ಶೇರವಾನಿಯ ಜೇಬಿನಲ್ಲಿ ಸರಪಳಿ ಕಟ್ಟಿದ ಗಡಿಯಾರ. ನಾನು ಹೋದ ಮೊದಲ ದಿನವೇ ಅದನ್ನು ಹೊರಗೆ ತೆಗೆದು ನನಗೆ ಪರಿಚಯ ಮಾಡಿಸಿದರು.

"ಮಾಸ್ತರ್ರ, ಮನಿ ಎಲ್ಲಿ?"

"ಮಸ್ಕಿ ರೀ."

"ಮಸ್ಕಿ! ಯಾಕ, ಈ ಊರಾಗ ಮನಿ ಸಿಗಂಗಿಲ್ಲೇನು?"

"ಅವ್ವ ಮಸ್ಕಿ ಬಿಟ್ಟು ಬರಾಕ ಒಲ್ಲೆ ಅಂತಾಳ್ರಿ. ಎಮ್ಮಿಗಿ ಬ್ಯಾರೆ ಊರ ನೀರು ಒಗ್ಗಂಗಿಲ್ಲಂತ."

ಎಮ್ಮೆಯನ್ನು ಈ ವಿಷಯದಲ್ಲಿ ಯಾರೂ ಕೇಳಿರಲಿಲ್ಲ. ಸದರ್ ಸಾಹೇಬರು ಗಡಿಯಾರದ ಮುಚ್ಚಳ ಮುಚ್ಚಿದರು.

"ಅವ್ವನ ಮಾತು ಕೇಳೋ ಮನಷ್ಯಾ ಛಲೋ ಮನಷ್ಯಾನ. ಆದ್ರ ನನ್ನ ಗಂಟಿ ನಿಮ್ಮವ್ವನ ಮಾತೂ ಕೇಳಂಗಿಲ್ಲ, ನಿಮ್ಮ ಎಮ್ಮಿ ಮಾತೂ ಕೇಳಂಗಿಲ್ಲ. ಗಂಟಿ ಹೊಡದ ಮ್ಯಾಲೆ ಒಳಗ ಬರೋ ಮಾಸ್ತರಗ ನಾ ಸಿಫಾರಸು ಬರಿಯಾಂವಲ್ಲ. ಸಮಜ್ಯಾ?"

ಸಮಜಿತು. ಆ ದಿನದಿಂದ ನನ್ನ ಇಡೀ ಭವಿಷ್ಯ ಆ ಗಂಟೆಯ ನಾಲಿಗೆಗೆ ಕಟ್ಟಿಕೊಂಡು ತೂಗಾಡತೊಡಗಿತು. ಹೀಗಾಗಿ, ಬಳಗಾನೂರಿಗೆ ಯಾವ ದಾರಿ ಹಿಡಿಯಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾದರೂ ನನ್ನ ಮಟ್ಟಿಗೆ ದೂರದ ಆ ಯುದ್ಧಕ್ಕಿಂತ ಗಂಭೀರವಾದದ್ದು.

ದಾರಿಗಳು ಮೂರು. ಒಂದು ಸಡಕು: ಸಿಂಧನೂರಿನ ಕಡೆ ಹೋಗುವ ದೊಡ್ಡ ರಸ್ತೆಯಲ್ಲಿ ಸಾಕಷ್ಟು ದೂರ ಹೋಗಿ, ಆಮೇಲೆ ಬಳಗಾನೂರಿಗೆ ಹೊರಳಬೇಕು. ಸುತ್ತು, ಆದರೆ ಕಂಕರು ಹಾಸಿದ ಗಟ್ಟಿ ರಸ್ತೆ. ಎರಡನೆಯದು ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಹಾಯ್ದುಹೋಗುವ ಬಂಡಿಯ ಜಾಡು. ಅದು ಎಲ್ಲಕ್ಕಿಂತ ಸಮೀಪ. ಮೂರನೆಯದು ಹಳ್ಳದ ದಂಡೆಗುಂಟ ಹೋಗುವ ಕಾಲುದಾರಿ. ನನ್ನ ಅಕ್ಕನನ್ನು ಕೊಟ್ಟ ಊರಿನ ಮೇಲೆ ಹಾಯ್ದು ಹೋಗುತ್ತದೆ.

ಹಳ್ಳದ ದಾರಿಯೇ ಒಳ್ಳೆಯದು ಎಂದು ಅವ್ವ ಹೇಳಿದಳು.

"ತಂಪು ಇರ್ತೈತಿ. ಗಿಡದ ನೆಳ್ಳು ಐತಿ. ಯಾಡ್ ಕಡಿ ನೀರು ಸಿಗತೈತಿ. ಬ್ಯಾರೆ ಏನ್ ಬೇಕಲೇ ಮನಷ್ಯಾಗ?"

"ಅಕ್ಕನ ಮನೀನೂ ಸಿಗತೈತಿ," ಎಂದೆ.

"ಸಿಕ್ಕರ ಸಿಗಲಿ. ನಾ ಏನ್ ಅದಕ್ಕ ಹೇಳೀನೇನು?"

ಮರುದಿನ ಬೆಳಿಗ್ಗೆ ಸೈಕಲ್ ಹೊರಗೆ ತೆಗೆದಾಗ ಹ್ಯಾಂಡಲ್ಲಿಗೆ ಒಂದು ಗಂಟು ತೂಗುತ್ತಿತ್ತು. ಅದರೊಳಗೆ ಅಕ್ಕನಿಗೆ ರೊಟ್ಟಿ, ಅಕ್ಕನ ಅತ್ತೆಗೆ ಅಗಸಿಹಿಂಡಿ, ಅಕ್ಕನ ಮಗುವಿಗೆ ಕುಲಾವಿ. ಅವ್ವನ ಸಲಹೆಯ ಒಳಗುಟ್ಟು ಅಷ್ಟೇನೂ ಆಳವಾಗಿರಲಿಲ್ಲ. ಆ ಕಾಲದಲ್ಲಿ ಸೈಕಲ್ ಇದ್ದವನೆಂದರೆ ಊರ ಪಾಲಿಗೆ ಬಿಟ್ಟಿ ಟಪಾಲು. ಇಷ್ಟಾದರೂ ಹಳ್ಳದ ದಾರಿಯನ್ನು ನಾನು ನಿಷ್ಪಕ್ಷಪಾತವಾಗಿ ಪರೀಕ್ಷಿಸಿದೆ. ದಾರಿ ಅವ್ವ ಹೇಳಿದಂತೆ ತಂಪಾಗಿಯೇ ಇತ್ತು. ಆದರೆ ಅಕ್ಕನ ಮನೆಯ ಬಾಗಿಲು ಆ ದಾರಿಯ ಮೇಲೆಯೇ ಇತ್ತು. ಗಂಟು ಕೊಟ್ಟು ಹೊರಡುತ್ತೇನೆಂದರೆ ಅಕ್ಕ ಮಜ್ಜಿಗೆ ತಂದಳು. ಮಜ್ಜಿಗೆ ಕುಡಿದು ಏಳುತ್ತೇನೆಂದರೆ ಅವಳ ಅತ್ತೆ ತನ್ನ ಮೊಣಕಾಲಿನ ಕಥೆ ತೆಗೆದರು. ಎಡ ಮೊಣಕಾಲು ಮುಗಿದು ಬಲಕ್ಕೆ ಬರುವ ಹೊತ್ತಿಗೆ ಬಳಗಾನೂರಿನ ಗಂಟೆ ಹೊಡೆದುಹೋಗಿತ್ತು. ಸದರ್ ಸಾಹೇಬರು ಗಡಿಯಾರವನ್ನು ನನ್ನ ಕಡೆ ತಿರುಗಿಸಿ ಹಿಡಿದರು, ಅಷ್ಟೇ.

ಹಾಗಾಗಿ ಸಡಕಿಗೆ ಬಂದೆ. ಅಲ್ಲಿ ಎರಡು ತಾಲೂಕುಗಳು ಕೂಡುವ ಜಾಗದಲ್ಲಿ ಒಂದು ನಾಕಾ ಇತ್ತು. ಯುದ್ಧದ ಕಾಲವಾದ್ದರಿಂದ ಜೋಳ ಆ ತಾಲೂಕಿನಿಂದ ಈ ತಾಲೂಕಿಗೆ ಹೋಗಬಾರದು ಎಂದು ಅಡ್ಡಗೋಲು ಹಾಕಿ ಒಬ್ಬ ಜವಾನನನ್ನು ಕೂಡಿಸಿದ್ದರು. ದಿನವೆಲ್ಲ ಇದ್ದಿಲು ಬಸ್ಸಿನ ಹೊಗೆ ಬಿಟ್ಟರೆ ಬೇರೆ ಸಂಗಡಿಗರಿಲ್ಲದ ಮನುಷ್ಯ. ನನ್ನನ್ನು ಕಂಡ ಕೂಡಲೇ ಅವನ ಮುಖ ಅರಳಿತು. ಅನುಮಾನಕ್ಕೆ ಅದೊಂದೇ ಸಾಕಾಗಿತ್ತು.

"ಮಾಸ್ತರ್ರ, ಈ ಸಡಕಿನಂಥಾ ದಾರಿ ಮತ್ತೊಂದಿಲ್ಲ ನೋಡ್ರಿ. ದಿನಾ ಇದರ ಮ್ಯಾಲೆನ ಬರ್ರಿ. ಚೀಲದಾಗ ಏನೈತಿ?"

"ಬುತ್ತಿ."

"ಬುತ್ತ್ಯಾಗ?"

"ರೊಟ್ಟಿ."

"ರೊಟ್ಟಿ ಯಾತರವು?"

"ಜೋಳದವು."

"ಮತ್ತ?" ಎಂದು ಅವನು ಬಹಳ ದುಃಖದಿಂದ ತಲೆಯಾಡಿಸಿದ. "ಜೋಳ ಒಯ್ಯಂಗಿಲ್ಲ ಅಂತ ಹುಕುಂ ಐತ್ರಿ."

"ಇದು ಜೋಳ ಅಲ್ಲೋ ಮಾರಾಯ, ರೊಟ್ಟಿ!"

"ಬೀಸಿದ ಕೂಡ್ಲೆ ಜೋಳ ಏನ್ ಗೋಧಿ ಆಗತೈತೇನ್ರಿ? ಬಿಚ್ಚ್ರಿ, ನೋಡಬೇಕು."

ಅವನು ನೋಡಿದ. ನೋಡುವುದಕ್ಕಾಗಿ ಒಂದನ್ನು ಮುರಿದ. ಮುರಿದದ್ದು ಜೋಳವೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಶೇಂಗಾ ಹಿಂಡಿಯೊಂದಿಗೆ ಬಾಯಲ್ಲಿ ಹಾಕಿಕೊಂಡ. ಸರ್ಕಾರಿ ತನಿಖೆ ಇಷ್ಟು ಶ್ರದ್ಧೆಯಿಂದ ನಡೆದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ಒಂದು ದಿನ ಅವನು ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಆಕ್ಷೇಪಣೆ ತೆಗೆದ. ಸುತ್ತು ದಾರಿ, ಮೇಲೆ ತನಿಖೆ, ಮತ್ತೆ ತಡವಾಗತೊಡಗಿತು. ಮಧ್ಯಾಹ್ನ ಹೊಟ್ಟೆಯೂ ಖಾಲಿ.

ಉಳಿದದ್ದು ಬಂಡಿಯ ಜಾಡು. ಅದನ್ನು ಹೇಳಿಕೊಟ್ಟವನು ಮಸ್ಕಿ ಬಜಾರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಚಾಚಾ. ಇಡೀ ಪೇಟೆಗೆ ಅವನೊಬ್ಬನೇ. ಜಾಡು ಎಲ್ಲಕ್ಕಿಂತ ಸಮೀಪ ಎಂಬುದು ನಿಜ; ಆದರೆ ಅದರ ಎರಡೂ ಬದಿಗೆ ಜಾಲಿಗಿಡಗಳಿವೆ ಎಂಬುದೂ, ಜಾಲಿಯ ಮುಳ್ಳು ಚಾಚಾನ ಒಲೆಗೆ ಕಟ್ಟಿಗೆಯಿದ್ದಂತೆ ಎಂಬುದೂ ಅಷ್ಟೇ ನಿಜ. ಮೊದಲ ವಾರದಲ್ಲಿಯೇ ಟ್ಯೂಬು ತೇಪೆಗಳಿಂದ ಅಲಂಕೃತವಾಯಿತು.

"ಚಾಚಾ, ಖರೇ ಹೇಳು. ಈ ಮುಳ್ಳು ತಾವಾಗೇ ಉದುರ್ತಾವೋ, ಯಾರರ ತಂದು ಹಾಕ್ತಾರೋ?"

"ತೋಬಾ ತೋಬಾ!" ಎಂದು ಚಾಚಾ ಎರಡೂ ಗಲ್ಲಕ್ಕೆ ಬಡಿದುಕೊಂಡ, ಕೈಗೆ ಹತ್ತಿದ್ದ ಮಸಿ ಗಲ್ಲಕ್ಕೂ ಹತ್ತಿತು. "ಮಾಸ್ತರ್ ಸಾಬ್, ನನಗ ಇಷ್ಟು ಪುರಸೊತ್ತು ಇದ್ರ ಎರಡನೇ ದುಕಾನ್ ಹಾಕ್ತಿದ್ದೆ. ನೀವು ಬಂಡಿ ಗಾಲಿ ಹರದ ಗುಂಟ ಹೋಗ್ರಿ. ಗಾಲಿ ಹರದಲ್ಲಿ ಮುಳ್ಳು ಮುರದು ಹುಡಿ ಆಗಿರತೈತಿ. ನೀವು ನಡುವ ಹೋಗ್ತೀರಿ, ಎತ್ತು ಹೋಗೋ ಜಾಗಾ ಅದು. ನೀವು ಎತ್ತೇನು?"

ಸಲಹೆ ಸರಿಯಾಗಿತ್ತು. ಪಂಚರ್ ಕಡಿಮೆಯಾದವು. ತನ್ನ ನಷ್ಟಕ್ಕೆ ತಾನೇ ದಾರಿ ಹೇಳಿಕೊಟ್ಟವನನ್ನು ನಂಬುವುದು ಬಿಟ್ಟು ನಾನು ಇನ್ನೂ ಹೆಚ್ಚು ಅನುಮಾನಿಸಿದೆ. ಏನೋ ದೊಡ್ಡದನ್ನೇ ಹೊಂಚುತ್ತಿದ್ದಾನೆ ಎನ್ನಿಸಿತು.

ಜಾಡಿನ ತೊಂದರೆ ಬೇರೆ ಕಡೆ ಇತ್ತು. ಅದು ಬಿಳಿಜೋಳ ಆಳೆತ್ತರ ನಿಂತ ಕಾಲ. ಎರಿ ಹೊಲದಲ್ಲಿ ಒಂದು ಜಾಡು ಇರುವುದಿಲ್ಲ. ಹೊಲಕ್ಕೊಂದು, ಬಾವಿಗೊಂದು, ಕಣಕ್ಕೊಂದು ಎಂದು ನೂರಾರು ಇರುತ್ತವೆ. ಎಲ್ಲವೂ ಒಂದೇ ತೆರ, ಎಲ್ಲವೂ ಕಪ್ಪು, ಎಲ್ಲದರ ಎರಡೂ ಬದಿಗೆ ಜೋಳದ ಗೋಡೆ. ಬಳಗಾನೂರಿಗೆಂದು ಹೊರಟವನು ಎಷ್ಟೋ ಸಲ ಯಾರದೋ ಬಾವಿಯ ಕಟ್ಟೆಗೆ ಹೋಗಿ ಇಳಿದಿದ್ದೇನೆ. ಅಲ್ಲಿ ನೀರು ಸೇದುತ್ತಿದ್ದವರು, "ಏನ್ರೀ ಮಾಸ್ತರ್ರ, ಇತ್ತಾಗ?" ಎಂದು ಕೇಳುವಾಗ ಅವರ ಕಣ್ಣು ನನ್ನ ಚೀಲದ ಮೇಲೆ ಇರುತ್ತಿತ್ತು. ದಾರಿ ತಪ್ಪಿತು ಎಂದರೆ ಓದಿದವನು ದಾರಿ ತಪ್ಪುತ್ತಾನೆಯೇ ಎಂದು ಮುಖಮುಖ ನೋಡಿಕೊಳ್ಳುತ್ತಿದ್ದರು.

ಇದಕ್ಕೆ ನಾನು ಮಾಡಿದ ಉಪಾಯ ಬಹಳ ಸರಳ. ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅವನದೊಂದು ಕೆಂಪು ದಡಿಯ ಹಳೆ ಧೋತರ ಉಳಿದಿತ್ತು. ಅದರ ಒಂದು ಬದಿಯಿಂದ ಕೆಲವು ಪಟ್ಟಿ ಹರಿದುಕೊಂಡು, ಜಾಡು ಕವಲೊಡೆಯುವ ಕಡೆಯೆಲ್ಲ ಸರಿಯಾದ ದಾರಿಯ ಬದಿಯ ಜಾಲಿಗಿಡಕ್ಕೆ ಒಂದೊಂದು ಕಟ್ಟಿದೆ. ಎಲ್ಲಕ್ಕಿಂತ ಮುಖ್ಯವಾದ ಕವಲು ನಡುದಾರಿಯಲ್ಲಿತ್ತು: ಒಂದು ಜಾಡು ಬಳಗಾನೂರಿಗೆ, ಇನ್ನೊಂದು ಕೆಳಗಿಳಿದು ಹಳ್ಳದ ಕಡೆ ಅಕ್ಕನ ಊರಿಗೆ. ಅಲ್ಲಿದ್ದ ದೊಡ್ಡ ಜಾಲಿಗೆ ಉದ್ದನೆಯ ಪಟ್ಟಿಯನ್ನೇ ಕಟ್ಟಿದೆ, ದಡಿ ಹೊರಗೆ ಕಾಣುವಂತೆ.

ಪರಿಣಾಮ ಅದ್ಭುತವಾಗಿತ್ತು. ಮರುದಿನ ನಾನು ಸಾಲಿಗೆ ಮುಟ್ಟಿದಾಗ ಸದರ್ ಸಾಹೇಬರು ಗಡಿಯಾರ ತೆಗೆದು ನೋಡಿದರು. ನಂಬಿಕೆಯಾಗದೆ ಕಿವಿಗೆ ಹಚ್ಚಿ, ನಡೆಯುತ್ತಿದೆಯೋ ನಿಂತಿದೆಯೋ ಎಂದು ಆಲಿಸಿದರು. ಹಲವು ದಿನ ಹೀಗೆ ನಡೆಯಿತು. ದಾರಿ ಆರಿಸುವ ವಿಷಯದಲ್ಲಿ ನಾನು ಅಂತಿಮ ನಿರ್ಣಯಕ್ಕೆ ಬಂದೆ ಎಂದು ಎದೆಯುಬ್ಬಿಸಿಕೊಂಡೆ. ಕಾಯಂ ಆದ ಮೇಲೆ ಎಂಥ ಟೋಪಿ ಕೊಳ್ಳಬೇಕು ಎಂಬುದನ್ನೂ ಯೋಚಿಸತೊಡಗಿದೆ.

ಒಂದು ಬೆಳಿಗ್ಗೆ ದೊಡ್ಡ ಜಾಲಿಗೆ ಇನ್ನೊಂದು ಚಿಂದಿ ಕಟ್ಟಿತ್ತು. ನೀಲಿಯದು.

ನಾನು ಸೈಕಲ್ಲಿನಿಂದ ಇಳಿದೆ. ಸುತ್ತಲೂ ನೋಡಿದೆ. ಜೋಳ ಅಲ್ಲಾಡುತ್ತಿತ್ತು, ಅಷ್ಟೇ. ಯಾರೋ ನನ್ನ ಗುರುತನ್ನು ಕಂಡುಹಿಡಿದಿದ್ದಾರೆ. ಇಲ್ಲವೇ ನನ್ನ ಕೆಲಸವನ್ನೇ ಬಯಸುವ ಇನ್ನೊಬ್ಬ ಹಂಗಾಮಿ ಮಾಸ್ತರ ಇದೇ ದಾರಿಯಲ್ಲಿ ಓಡಾಡುತ್ತಿದ್ದಾನೆ ಎಂದು ತರ್ಕಿಸಿದೆ. ಮರುದಿನ ಹಸಿರು ಚಿಂದಿಯೊಂದು ಬಂತು. ಅದರ ಮರುದಿನ ಒಡೆದ ಬಳೆ, ಅರಿಷಿಣ ಹಚ್ಚಿದ ಕಲ್ಲು, ಕಾಯಿಯ ಚಿಪ್ಪು. ಆಗ ನನಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ದಾರಿ ಕೂಡುವ ಕಡೆ ಮುಳ್ಳಿನ ಗಿಡಕ್ಕೆ ಚಿಂದಿ ಕಟ್ಟಿದ್ದು ಕಂಡರೆ ಮಂದಿ ಸುಮ್ಮನೆ ಮುಂದೆ ಹೋಗುವುದಿಲ್ಲ. ಅಲ್ಲಿ ಚಿಂದೆವ್ವ ಇದ್ದಾಳೆಂದು ತಮ್ಮ ಸೀರೆಯ ಸೆರಗಿನಿಂದ, ರುಮಾಲಿನಿಂದ ಒಂದು ಎಳೆ ಹರಿದು ತಾವೂ ಕಟ್ಟುತ್ತಾರೆ. ಬೇಡಿಕೊಂಡದ್ದು ಆಗುತ್ತದೆ ಎಂಬ ನಂಬಿಕೆ. ಮುಸಲ್ಮಾನರು ಅದೇ ಗಿಡಕ್ಕೆ ಚಿಂದಿಪೀರ ಎಂದು ಹಸಿರು ಕಟ್ಟುತ್ತಾರೆ. ಈ ವಿಷಯದಲ್ಲಿ ಜಗಳವಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೆ. ಆದರೆ ನಾನು ಕಟ್ಟಿದ ಚಿಂದಿ ಚಿಂದಿಯೇ ಎಂದು ತಿಳಿದಿದ್ದೆ.

ವಾರ ಕಳೆಯುವಷ್ಟರಲ್ಲಿ ದೇವಿ ವಿಸ್ತಾರಗೊಂಡಳು. ಎಲ್ಲ ಕವಲಿನ ಎಲ್ಲ ಗಿಡಗಳಿಗೂ, ಸರಿಯಾದ ದಾರಿಯ ಬದಿಗೂ ತಪ್ಪಿದ ದಾರಿಯ ಬದಿಗೂ, ಚಿಂದಿ ಬಂದವು. ಭಕ್ತಿಗೆ ಬಳಗಾನೂರು ಯಾವ ಕಡೆ ಎಂಬ ಪರಿವೆ ಇರುವುದಿಲ್ಲ. ನನ್ನ ಗುರುತು ಯಾವುದು, ಪರರ ಹರಕೆ ಯಾವುದು ಎಂದು ತಿಳಿಯದೆ ನಾನು ಮತ್ತೆ ಬಾವಿಯ ಕಟ್ಟೆಗಳಿಗೆ ಹೋಗಿ ಇಳಿಯತೊಡಗಿದೆ. ದೊಡ್ಡ ಜಾಲಿಯ ಒಂದು ಟೊಂಗೆಗೆ ಸೈಕಲ್ ಟ್ಯೂಬಿನ ಕಪ್ಪು ಪಟ್ಟಿಯೊಂದು ಗಂಟು ಹಾಕಿತ್ತು. ಅದು ಯಾರದೆಂದು ಹೇಳಬೇಕಾದ್ದಿಲ್ಲ. ಅವನು ಏನನ್ನು ಬೇಡಿಕೊಂಡಿರಬಹುದು ಎಂಬುದನ್ನು ನನ್ನ ಹಿಂದಿನ ಗಾಲಿ ಊಹಿಸಬಲ್ಲದಾಗಿತ್ತು.

ಇಷ್ಟಾಗುವುದರೊಳಗೆ ಸದರ್ ಸಾಹೇಬರು ಒಂದು ಸಂಜೆ ನನ್ನನ್ನು ಕರೆದು, ಬಾಗಿಲು ಎಳೆದು ಮುಚ್ಚಿಕೊಂಡರು.

"ನೀವು ಯಾವ ದಾರಿಗುಂಟ ಬರ್ತೀರಿ ಮಾಸ್ತರ್ರ?"

"ಬಂಡಿ ಜಾಡಿನ ಗುಂಟ ರೀ."

"ಅಲ್ಲಿ ಗಿಡಕ್ಕ ಯಾರೋ ನಿಶಾನಿ ಕಟ್ಟ್ಯಾರಂತ. ಮಂದಿ ದೇವ್ರು ಅಂತಾರ. ಅಮೀನ್ ಸಾಹೇಬ್ರು ಮಾತ್ರ ಸರ್ಕಾರದ ವಿರುದ್ಧ ಇರೋರು ಒಬ್ಬರಿಗೊಬ್ಬರು ಕೊಡೋ ಇಶಾರಾ ಅಂತಾರ. ಮೊದಲನೇ ಚಿಂದಿ ಯಾರು ಕಟ್ಟಿದ್ರು ಅಂತ ಹುಡುಕಾಕತ್ತಾರ."

ಅಮೀನ್ ಸಾಹೇಬರೆಂದರೆ ಸಿಂಧನೂರಿನ ಪೊಲೀಸ್ ಅಧಿಕಾರಿ.

"ನಿಮ್ಮ ಸಿಫಾರಸು ಬರಿಬೇಕಂತ ಮಾಡೀನಿ," ಎಂದರು ಸದರ್ ಸಾಹೇಬರು. "ಹೆಸರಿನ ಮ್ಯಾಲೆ ಶಕ್ ಬಂತು ಅಂದ್ರ ನಾ ಬರದ್ರೂ ನಡಿಯಂಗಿಲ್ಲ, ನೋಡ್ಕೊಳ್ರಿ."

ಆ ದಿನ ಮನೆಗೆ ಮರಳುವಾಗ ಸೈಕಲ್ ತಳ್ಳಿಕೊಂಡು ನಡೆದೇ ಬಂದೆ, ಯೋಚಿಸುವುದಕ್ಕಾಗಿ. ನನ್ನ ಪಟ್ಟಿ ಬಿಚ್ಚಿಕೊಂಡು ಬಿಡೋಣವೆಂದರೆ, ಹರಕೆಯ ಗಂಟು ಬಿಚ್ಚುವವನನ್ನು ಹೊಲದವರು ಸೈಕಲ್ ಸಮೇತ ಬಾವಿಗೆ ಹಾಕುತ್ತಾರೆ. ದಾರಿ ಬದಲಿಸೋಣವೆಂದರೆ, ಅಮೀನರು ಹುಡುಕುತ್ತಿದ್ದಾರೆ ಎಂದು ತಿಳಿದ ದಿನವೇ ದಾರಿ ಬಿಟ್ಟವನು ಯಾರು ಎಂದು ಕೇಳಿದರೆ ಉತ್ತರ ಒಂದೇ. ಇದ್ದ ದಾರಿಯಲ್ಲೇ ಇದ್ದಂತೆ ಹೋಗುವುದು ಉಳಿಯಿತು. ನಿರಪರಾಧಿಯಂತೆ ಪೆಡಲ್ ತುಳಿಯುವುದು ಎಷ್ಟು ಕಷ್ಟ ಎಂಬುದು ತುಳಿದವರಿಗೇ ಗೊತ್ತು.

ಮಂಗಳವಾರ. ದೇವಿಯ ವಾರ. ದೊಡ್ಡ ಜಾಲಿಯ ಕೆಳಗೆ ಹೆಂಗಸರ ಗುಂಪು, ಗುಂಪಿನ ಆಚೆ ಒಂದು ಕುದುರೆ, ಕುದುರೆಯ ಪಕ್ಕಕ್ಕೆ ಅಮೀನ್ ಸಾಹೇಬರು. ಅವರ ಹಿಂದೆ ಸಡಕಿನ ನಾಕಾದ ಜವಾನ, ನನ್ನ ರೊಟ್ಟಿಯ ತನಿಖಾಧಿಕಾರಿ, ನೆಟ್ಟಗೆ ನಿಂತಿದ್ದ. ತುಸು ದೂರದಲ್ಲಿ ಒಂದು ಬಂಡಿ ನಿಂತಿತ್ತು. ಅದರೊಳಗೆ ಗಂಟು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದವಳು ನನ್ನ ಅವ್ವ. ಅಕ್ಕನ ಊರಿಗೆ ಹೊರಟಿದ್ದಳು. ಬೆಳಿಗ್ಗೆ ಮನೆಯಲ್ಲಿ ಈ ವಿಷಯ ನನಗೆ ಹೇಳಿರಲಿಲ್ಲ.

"ಇಳಿ," ಎಂದರು ಅಮೀನರು. ಆಗಲೇ ಇಳಿದಿದ್ದೆ. "ಈ ದಾರಿಗುಂಟ ದಿನಾ ಹೋಗೋ ಸೈಕಲ್ ನಿಂದೊಂದ ಐತಂತ?"

"ಹೌದ್ರಿ."

ಅವರ ಕೈಯಲ್ಲಿ ಒಂದು ಟೊಂಗೆಯ ತುದಿ ಇತ್ತು. ಅದಕ್ಕೆ ಬಿಸಿಲಿಗೆ ಬಣ್ಣ ಹೋಗಿ ಗುಲಾಬಿಯಾಗಿದ್ದ ಕೆಂಪು ದಡಿಯ ಪಟ್ಟಿ. ಮನುಷ್ಯ ಬುದ್ಧಿವಂತ. ಎಲ್ಲಕ್ಕಿಂತ ಹೆಚ್ಚು ಮಾಸಿದ್ದೇ ಎಲ್ಲಕ್ಕಿಂತ ಮೊದಲಿನದು ಎಂದು ಹಿಡಿದಿದ್ದರು.

"ಇದು ಯಾರದು?"

ಸುಳ್ಳು ಹೇಳಲು ಯೋಚಿಸಬೇಕಾಗುತ್ತದೆ, ನನಗೆ ಅಷ್ಟು ಹೊತ್ತು ಇರಲಿಲ್ಲ. ಅತ್ತ ಗಂಟೆಯ ಹೊತ್ತಾಗುತ್ತಿತ್ತು.

"ನಂದ್ರಿ. ನಾನ ಕಟ್ಟೀನಿ."

ಜೋಳದ ಗರಿ ಅಲ್ಲಾಡುವುದು ಕೇಳಿಸಿತು.

"ಯಾಕ ಕಟ್ಟಿದಿ?"

"ದಾರಿ ಗುರುತು ಸಿಗಲಿ ಅಂತ್ರಿ. ಸಾಲಿಗೆ ಹೋಗೋ ದಾರಿ."

"ದಿನಾ ಹೋಗೋ ದಾರಿಗೆ ಗುರುತು! ನಿನ್ನ ಮನಿ ಬಾಗಲಿಗೂ ಕಟ್ಟೀಯೇನು?"

ಅಮೀನರು ನಕ್ಕರು, ಆದರೆ ಕಣ್ಣು ನಗಲಿಲ್ಲ. ಹೆಂಗಸರು ಅಷ್ಟೂ ಮಾಡಲಿಲ್ಲ. ಮುಂದೆ ನಿಂತಿದ್ದ ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಮೇಲೆ ಬಂದಳು.

"ಏನಂದಿ? ನೀ ಕಟ್ಟಿದ್ದಾ? ಅಕಿ ತಾನಾಗಿ ಎದ್ದ ಬಂದಾಳ, ಇಡೀ ಸೀಮಿಗೆ ಗೊತ್ತೈತಿ. ಗಿಡದಾಗ ದೀಪ ಕಂಡಾರ ಮಂದಿ! ಯಾಡ್ ಅಕ್ಷರ ಕಲ್ತಾನ, ದೇವ್ರನ್ನೂ ತಾನ ಮಾಡೀನಿ ಅಂತಾನಲ್ಲೇ ಯವ್ವಾ!"

"ಅದಕ್ಕ ಇವನ ಗಾಲಿ ದಿನಾ ಠುಸ್ ಅಂತೈತಿ," ಎಂದು ಇನ್ನೊಬ್ಬಾಕೆ ದೇವಿಯ ನ್ಯಾಯವನ್ನು ವಿವರಿಸಿದಳು.

ಸತ್ಯ ಹೇಳಿ ಒಂದೇ ಹೊತ್ತಿಗೆ ಸರ್ಕಾರಕ್ಕೂ ಭಕ್ತರಿಗೂ ಸುಳ್ಳುಗಾರನಾದೆ. ಅಮೀನರು ಜವಾನನಿಗೆ ಏನೋ ಸನ್ನೆ ಮಾಡಿದರು; ಅವನು ನನ್ನ ಹ್ಯಾಂಡಲ್ಲಿಗೆ ಕೈ ಹಾಕಿದ. ಸಿಂಧನೂರಿಗೆ ಒಯ್ಯುತ್ತಾರೆ ಎಂದುಕೊಂಡೆ. ಒಯ್ದರೆ ಸಿಫಾರಸೂ ಇಲ್ಲ, ನೌಕರಿಯೂ ಇಲ್ಲ.

ಆಗ ಅವ್ವ ಬಂಡಿಯಿಂದ ಇಳಿದಳು. ಅವಸರವಿಲ್ಲದೆ ಇಳಿದಳು, ಸೆರಗು ಸರಿ ಮಾಡಿಕೊಂಡಳು, ಮೊದಲು ಗಿಡಕ್ಕೆ ಕೈಮುಗಿದು ಆಮೇಲೆ ಅಮೀನರಿಗೆ ಮುಗಿದಳು.

"ಸಾಹೇಬ್ರ, ಅದನ್ನ ನಾ ಕಟ್ಟೀನ್ರೀ. ಇಂವ ನನ್ನ ಮಗ. ಇವನ ನೌಕ್ರಿ ಕಾಯಂ ಆಗಲಿ ಅಂತ ಈ ಚಿಂದೆವ್ವಗ ಬೇಡ್ಕೊಂಡು ಕಟ್ಟೀನಿ. ನಮ್ಮ ಮನಿಯವರ ಧೋತರದ್ದು ನೋಡ್ರಿ ದಡಿ."

ಹೀಗೆಂದು ಗಂಟು ಬಿಚ್ಚಿ, ರೊಟ್ಟಿಯ ಕೆಳಗಿನಿಂದ ಅಪ್ಪನ ಧೋತರವನ್ನೇ ಹೊರಗೆ ತೆಗೆದಳು. ಟ್ರಂಕಿನಲ್ಲಿದೆ ಎಂದು ನಾನು ತಿಳಿದಿದ್ದ ಧೋತರ. ಅಮೀನರು ಅದರ ಹರಿದ ಬದಿಯನ್ನು ಟೊಂಗೆಯ ಪಟ್ಟಿಗೆ ಹಿಡಿದು ನೋಡಿದರು. ದಡಿಗೆ ದಡಿ ಕೂಡಿತು.

"ಮತ್ತ ಇಂವ ಯಾಕ ತಾ ಕಟ್ಟೀನಿ ಅಂದ?"

"ನನ್ನ ಮ್ಯಾಲೆ ಬರತೈತಿ ಅಂತ ಅಂದಿರಬೇಕ್ರಿ. ಸಣ್ಣಾಂವ ಇದ್ದಾಗಿನಿಂದ ಹಿಂಗ. ಏನರ ಒಡದ್ರ ನಾನ ಒಡದೀನಿ ಅಂತಿದ್ದ."

ಸಣ್ಣವನಿದ್ದಾಗ ಏನು ಒಡೆದರೂ ನಾನು ಬೆಕ್ಕಿನ ಮೇಲೆ ಹಾಕುತ್ತಿದ್ದೆ. ಆದರೆ ಹೆಂಗಸರ ಗುಂಪು ಕರಗಿ ನೀರಾಯಿತು. ಈಗ ತಾನೇ ನನ್ನನ್ನು ಬೈದಿದ್ದ ಮುದುಕಿ, "ಎಂಥಾ ಮಗನ್ನ ಹಡದೀಯೇ ಯವ್ವಾ," ಎಂದು ಕಣ್ಣೊರೆಸಿಕೊಂಡಳು.

ಅಮೀನರು ಅಷ್ಟು ಬೇಗ ಕರಗುವ ಪೈಕಿಯಲ್ಲ. ಟೊಂಗೆ ಟೊಂಗೆ ಸರಿಸಿ ನೋಡತೊಡಗಿದರು. ಒಂದು ಕಡೆ ಅವರ ಕೈ ನಿಂತಿತು.

"ಈ ಖಾಕಿ ಚಿಂದಿ ಯಾರದು?"

ಅಮೀನರು ನಿಧಾನವಾಗಿ ತಿರುಗಿ ನಾಕಾದ ಜವಾನನ ಕಾಲು ನೋಡಿದರು. ಅವನ ಒಂದು ಕಾಲಿನ ಖಾಕಿ ಪಟ್ಟಿ ಮೊಣಕಾಲಿನವರೆಗೂ ಸುತ್ತಿತ್ತು. ಇನ್ನೊಂದು ಕಾಲಿನದು ಮೀನಖಂಡದ ಹತ್ತಿರವೇ ಮುಗಿದುಹೋಗಿತ್ತು.

"ಹುಜೂರ್," ಎಂದ ಜವಾನ ಸಣ್ಣ ದನಿಯಲ್ಲಿ, ನನ್ನ ಹ್ಯಾಂಡಲ್ ಬಿಟ್ಟು. "ಆ ನಾಕಾದಾಗ ಒಬ್ಬನ ಕುಂತು ಕುಂತು ತಲಿ ಕೆಡತೈತ್ರಿ. ಲಿಂಗಸುಗೂರಿಗೆ ಬದಲಿ ಆಗಲಿ ಅಂತ..."

ಅಮೀನರು ಅವನನ್ನು, ಗಿಡವನ್ನು, ನನ್ನನ್ನು, ಅವ್ವನನ್ನು ಒಂದು ಸುತ್ತು ನೋಡಿದರು. ಸರ್ಕಾರದ ವಿರುದ್ಧ ಇಷ್ಟು ವಿಚಿತ್ರವಾದ ಕೂಟ ಇರಲಾರದು ಎಂದು ಕಂಡಿರಬೇಕು. ಕುದುರೆ ಹತ್ತಿದರು. "ನಡೀರಿ," ಎಂದಷ್ಟೇ ಹೇಳಿ ಬಳಗಾನೂರಿನ ಕಡೆ ಹೋದರು. ನಾನು ಅವರ ಧೂಳಿನ ಹಿಂದೆ ಸೈಕಲ್ ಬಿಟ್ಟೆ. ಕುದುರೆ ಮುಂದೆ ಇದ್ದದ್ದರಿಂದ ಆ ದಿನ ದಾರಿ ತಪ್ಪಲಿಲ್ಲ.

ನಾನು ಮುಟ್ಟಿದಾಗ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಸದರ್ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಗಡಿಯಾರ ಜೇಬಿನಲ್ಲೇ ಇತ್ತು.

"ಅಮೀನ್ ಸಾಹೇಬ್ರು ಇಲ್ಲೇ ಹಾದು ಹೋದ್ರು. ನಿಮ್ಮ ಮ್ಯಾಲೆ ಶಕ್ ಇಲ್ಲಂತ ಅಂದ್ರು. ನಿಮ್ಮವ್ವನ ಹರಕಿ ವಿಷಯಾನೂ ಹೇಳಿದ್ರು." ಗಡಿಯಾರದ ಸರಪಳಿಯನ್ನು ಬೆರಳಿಗೆ ಸುತ್ತಿಕೊಂಡರು. "ಒಂದು ತಿಳ್ಕೊಳ್ರಿ ಮಾಸ್ತರ್ರ. ಸಿಫಾರಸು ಬರಿಯಾಂವ ನಾನು. ಗಿಡ ಅಲ್ಲ."

"ಹೌದ್ರಿ."

"ನಿಮ್ಮವ್ವಗ ಹೇಳ್ರಿ ಇದನ್ನ."

"ಹೇಳ್ತೀನ್ರಿ."

ಬರೆದರು. ಬೇಸಿಗೆ ರಜೆ ಬರುವ ಮುಂಚೆ ಹುಕುಂ ಬಂತು. ನಾನು ಕಾಯಂ ಆದೆ. ಅದರ ಯಶಸ್ಸು ಯಾರಿಗೆ ಸಂದಿತು ಎಂದು ಕೇಳುವ ಅಗತ್ಯವಿಲ್ಲ. ದೊಡ್ಡ ಜಾಲಿಯ ಕಾಂಡವೇ ಕಾಣದಂತಾಯಿತು. ಆ ಸುಮಾರಿಗೇ ಅದರ ಮೇಲಿನ ಟೊಂಗೆಗೆ, ನೆಲದ ಮೇಲೆ ನಿಂತವನ ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಳ್ಳೆಯ ಮಲ್ಮಲ್ ಬಟ್ಟೆಯ ಪಟ್ಟಿಯೊಂದು ಬಂದಿತ್ತು. ಕುದುರೆಯ ಮೇಲೆ ಕೂತವರಿಗೆ ಮಾತ್ರ ಎಟುಕುವ ಎತ್ತರ. ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ.

ಹುಕುಂ ಬಂದ ದಿನ ಅವ್ವನನ್ನು ಎಮ್ಮೆಯ ಹತ್ತಿರ ಹೇಗೋ ಹಿಡಿದೆ. ಹಾಲು ಹಿಂಡುತ್ತಿದ್ದಳು; ನಡುವೆ ಏಳುವಂತಿರಲಿಲ್ಲ.

"ಅವ್ವಾ, ಖರೇ ಹೇಳು. ಆ ದೊಡ್ಡ ಗಿಡಕ್ಕ ಮೊದಲು ಕಟ್ಟಿದ್ದು ನಾನು. ನೀ ಸುಳ್ಳು ಹೇಳಿ ಬಿಡಿಸ್ಕೊಂಡಿ, ಹೌದಲ್ಲ?"

"ನಾ ಯಾಕ ಸುಳ್ಳು ಹೇಳಲಿ, ಅದೂ ಗಿಡದ ಕೆಳಗ ನಿಂತು?"

"ಮತ್ತ ಧೋತರ?"

"ನೋಡ್ಕೋ ಹೋಗು. ಅಲ್ಲೇ ಟ್ರಂಕಿನ್ಯಾಗ ಐತಿ."

ಹೋಗಿ ನೋಡಿದೆ. ನಾನು ಹರಿದದ್ದು ಒಂದೇ ಬದಿ. ಈಗ ಅದು ಎರಡೂ ಬದಿಗೆ ಹರಿದಿತ್ತು. ಎರಡನೆಯ ಬದಿಯ ಹರಕು ಹೊಸದೋ ಹಳೆಯದೋ ಎಂದು ಬಾಗಿಲ ಬೆಳಕಿಗೆ ಹಿಡಿದು ಎಷ್ಟು ಹೊರಳಿಸಿ ನೋಡಿದರೂ ತಿಳಿಯಲಿಲ್ಲ. ಅಮೀನರು ಕೂಡಿಸಿ ನೋಡಿದ್ದು ಯಾವ ಬದಿಯನ್ನು ಎಂಬುದೂ ನೆನಪಿಗೆ ಬರಲಿಲ್ಲ. ಹೊರಗೆ ಬಂದೆ.

"ಅವ್ವಾ, ನೀ ಕಟ್ಟಿದ್ದು ಯಾವಾಗ? ನನಗಿಂತ ಮುಂಚೆನೋ, ಆಮ್ಯಾಲೋ?"

"ಅಯ್ಯ, ಪೊಲೀಸ್ನೋರಕಿಂತ ಕಡಿ ಆದಿ ನೋಡು ನೀ," ಎಂದಳು ಅವ್ವ. ಎಮ್ಮೆಯ ಕೆಚ್ಚಲಿನಿಂದ ಕಣ್ಣು ಎತ್ತಲಿಲ್ಲ. "ಕಾಯಂ ಆತಲ್ಲ? ಹರಕಿ ತೀರಿಸೋದು ನೋಡು ಇನ್ನ."

"ಏನು ಹರಕಿ?"

"ಮಗನ ನೌಕ್ರಿ ಕಾಯಂ ಮಾಡವ್ವಾ, ಅಂವ ಮಂಗಳಾರಕ್ಕೊಮ್ಮೆ ನಿನ್ನ ಗಿಡಕ್ಕ ಕೈಮುಗದು, ಅಲ್ಲಿಂದ ಕೆಳಗ ಇಳದು ಹಳ್ಳದ ದಾರಿಗುಂಟ ಸಾಲಿಗೆ ಹೊಕ್ಕಾನ ಅಂತ ಬೇಡ್ಕೊಂಡೀನಿ."

ಹಳ್ಳದ ದಾರಿ. ಅಕ್ಕನ ಊರಿನ ಮೇಲೆ. ಹಾಲಿನ ಧಾರೆ ಚರಿಗೆಗೆ ಒಂದೇ ಸಮ ಬೀಳುತ್ತಿತ್ತು.

ಮುಂದಿನ ಮಂಗಳವಾರ ಬೆಳಿಗ್ಗೆ ಸೈಕಲ್ ಹೊರಗೆ ತೆಗೆದಾಗ ಹ್ಯಾಂಡಲ್ಲಿನ ಎರಡೂ ಬದಿಗೆ ಒಂದೊಂದು ಗಂಟು ತೂಗುತ್ತಿತ್ತು. ಅವ್ವ ಗಂಟುಗಳನ್ನು ಮತ್ತೊಮ್ಮೆ ಎಳೆದು ಬಿಗಿ ಮಾಡಿದಳು.

"ಬಿಸಿ ರೊಟ್ಟಿ ಅದಾವು, ಲಗೂ ಮುಟ್ಟಿಸು. ಮತ್ತ ಮರತು ಸಡಕಿನ ಮ್ಯಾಲೆ ಹೋಗಿ ಗೀಗಿ, ಆ ನಾಕಾದಾಂವ ಮುರಕೊಂಡು ತಿಂತಾನ."

ನಾಕಾದ ವಿಷಯವನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.